ಕೋರ್ಟಲ್ಲಿ ಖುಲಾಸೆ ಆಯ್ತು, ಇಲಾಖೆಯ ವಜಾ ಆದೇಶ ಮಾತ್ರ ಹಾಗೇ ಇದೆ. ಮುಂದೇನು?

ಕೆರೆಯಂಗಳ:
ಎಲ್ಲರಿಗೂ ನಮಸ್ಕಾರ. ಇದು ನಮ್ಮ ಭಾವನ ವಿಷಯ, ಅಂದ್ರೆ ಅಕ್ಕನ ಗಂಡ. ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕ, ಅಂದ್ರೆ ಎಸ್‌ಡಿಎ ಆಗಿದ್ದರು. ಲಂಚ ಕೇಳಿದರು ಅಂತ ಒಬ್ಬರು ಲೋಕಾಯುಕ್ತಕ್ಕೆ ದೂರು ಕೊಟ್ಟರು. ಟ್ರ್ಯಾಪ್ ಆಯ್ತು, ಅಂದ್ರೆ ದೂರುದಾರನ ಕೈಯಲ್ಲಿ ದುಡ್ಡು ಕೊಟ್ಟು ಕಳಿಸಿ ಹಿಡಿಯೋ ಕಾರ್ಯಾಚರಣೆ. ಅಮಾನತೂ ಆಯ್ತು. ಒಂದು ಕಡೆ ವಿಶೇಷ ನ್ಯಾಯಾಲಯದಲ್ಲಿ ಕೇಸು, ಇನ್ನೊಂದು ಕಡೆ ಇಲಾಖಾ ವಿಚಾರಣೆ. ವಿಚಾರಣೆ ಮೊದಲು ಮುಗಿಯಿತು. ಆರೋಪ ಸಾಬೀತು ಅಂತ ವರದಿ ಬಂತು, ವಜಾ ಮಾಡಿದರು.

ಈಗ ಕೋರ್ಟಿನಲ್ಲಿ ಖುಲಾಸೆ ಆಗಿದೆ. ತೀರ್ಪಿನ ನಕಲು ಹಿಡಿದುಕೊಂಡು ಭಾವ ಕಚೇರಿಗೆ ಹೋದರೆ, "ಅದೇ ಬೇರೆ, ಇದೇ ಬೇರೆ" ಅಂದು ವಾಪಸ್ ಕಳಿಸಿದ್ದಾರೆ. ಕೋರ್ಟೇ ನಿರಪರಾಧಿ ಅಂದ ಮೇಲೆ ಇಲಾಖೆ ಹೇಗೆ ಅಪರಾಧಿ ಅನ್ನುತ್ತೆ? ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲೇಬೇಕು ಅಲ್ವಾ? ತಿಳಿದವರು ಹೇಳಿ.

ಅಂಗಿಗುಂಡಿ:
ಖಂಡಿತ ತೆಗೆದುಕೊಳ್ಳಬೇಕು. ಕೋರ್ಟಿಗಿಂತ ಇಲಾಖೆ ದೊಡ್ಡದಾ? ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದು ಅಂತ ಸಂವಿಧಾನದಲ್ಲೇ ಇದೆ. 20ನೇ ವಿಧಿ ನೋಡಿ.

ಹಳೇಫೈಲು:
ಅಂಗಿಗುಂಡಿ ಅವರೇ, ಆ 20(2)ನೇ ವಿಧಿ ಇಲ್ಲಿ ಕೆಲಸಕ್ಕೆ ಬರಲ್ಲ. 1954ರಲ್ಲೇ ಎಸ್.ಎ. ವೆಂಕಟರಾಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಇಲಾಖಾ ವಿಚಾರಣೆ ಅಂದ್ರೆ ಕ್ರಿಮಿನಲ್ ಮೊಕದ್ದಮೆ ಅಲ್ಲ, ಅಲ್ಲಿ ಕೊಡುವ ದಂಡನೆ ಆ ವಿಧಿ ಹೇಳುವ ಶಿಕ್ಷೆಯೂ ಅಲ್ಲ. ಹಾಗಾಗಿ ಎರಡೂ ನಡೆಯಬಹುದು. ಒಂದರ ಹಿಂದೆ ಒಂದು ನಡೆಯಬಹುದು, ಒಟ್ಟಿಗೂ ನಡೆಯಬಹುದು.

ಕೆರೆಯಂಗಳ ಅವರೇ, ಶಿಸ್ತು ಕ್ರಮದ ಕಡತ ನೋಡುವ ಶಾಖೆಯಲ್ಲೇ ನನ್ನ ಸರ್ವಿಸ್ ಬಹುಪಾಲು ಕಳೆದಿದೆ. ನಿಮ್ಮ ಭಾವನ ಥರ ತೀರ್ಪಿನ ಕೊನೇ ಪುಟ ಹಿಡಿದು ಬಂದವರನ್ನು ತುಂಬಾ ನೋಡಿದ್ದೇನೆ. ಆ ಪುಟದಲ್ಲಿ "ಆರೋಪಿಯನ್ನು ಖುಲಾಸೆಗೊಳಿಸಲಾಗಿದೆ" ಅಂತ ಮಾತ್ರ ಇರುತ್ತೆ. ಕೆಲಸ ವಾಪಸ್ ಸಿಗುತ್ತೋ ಇಲ್ಲವೋ ಅನ್ನೋದು ಅದರ ಹಿಂದಿನ ಪುಟಗಳಲ್ಲಿ ಇರೋದು. ಕೋರ್ಟ್ ಯಾಕೆ ಬಿಟ್ಟಿತು? ದೂರುದಾರ ತಿರುಗಿಬಿದ್ದನಾ? ಮೊಕದ್ದಮೆ ಹೂಡಲು ಕೊಟ್ಟ ಮಂಜೂರಾತಿಯಲ್ಲಿ ದೋಷ ಇತ್ತಾ? ಅಥವಾ ಹಣ ಕೇಳಿದ್ದೂ ಇಲ್ಲ, ತಗೊಂಡಿದ್ದೂ ಇಲ್ಲ ಅಂತ ಸಾಕ್ಷ್ಯವನ್ನೆಲ್ಲ ಅಳೆದು ತೂಗಿ ಹೇಳಿದೆಯಾ? ಮೊದಲು ಇದನ್ನು ಹೇಳಿ. ಆಮೇಲೆ ಮಾತಾಡೋಣ.

ಕೆರೆಯಂಗಳ:
ದೂರುದಾರ ಕೋರ್ಟಿನಲ್ಲಿ "ನಾನು ಹಾಗೆ ದೂರು ಕೊಟ್ಟಿಲ್ಲ, ಕಾಗದಕ್ಕೆ ಸಹಿ ಹಾಕಿಸಿಕೊಂಡರು" ಅಂದಿದ್ದಾನೆ. ಅವನನ್ನು ಹಾಸ್ಟೈಲ್, ಅಂದ್ರೆ ತಿರುಗಿಬಿದ್ದ ಸಾಕ್ಷಿ ಅಂತ ಪರಿಗಣಿಸಿದ್ದಾರೆ. ಆದರೆ ಅಷ್ಟೇ ಅಲ್ಲ. ನೆರಳು ಸಾಕ್ಷಿಯ (ಟ್ರ್ಯಾಪ್ ವೇಳೆ ನೋಡಿ ಕೇಳಲು ದೂರುದಾರನ ಜೊತೆ ಕಳಿಸುವ ಸಾಕ್ಷಿ) ಬಗ್ಗೆಯೂ ಕೋರ್ಟ್ ಒಂದಿಷ್ಟು ಬರೆದಿದೆ. ಅವನು ಬಾಗಿಲ ಹೊರಗೆ ನಿಂತಿದ್ದ, ಒಳಗಿನ ಮಾತು ಕೇಳಿಸಿರಲಿಲ್ಲ ಅಂತ ಪಾಟೀ ಸವಾಲಿನಲ್ಲಿ ಒಪ್ಪಿಕೊಂಡಿದ್ದಾನಂತೆ. ತೀರ್ಪು ಉದ್ದ ಇದೆ, ನಾನಿನ್ನೂ ಪೂರ್ತಿ ಓದಿಲ್ಲ.

ಕರಿಕೋಟು:
ನಾನು ಸೇವಾ ವಿಷಯಗಳ ವಕೀಲ. ಹಳೇಫೈಲು ಸರ್ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಕ್ರಿಮಿನಲ್ ಕೋರ್ಟಿನಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು. ಸ್ವಲ್ಪ ಅನುಮಾನ ಉಳಿದರೂ ಅದರ ಲಾಭ ಆರೋಪಿಗೆ ಹೋಗುತ್ತೆ. ಇಲಾಖೆಯಲ್ಲಿ ಅಷ್ಟು ಬೇಡ. ಹೀಗೆ ಆಗಿರುವ ಸಾಧ್ಯತೆ ಜಾಸ್ತಿ ಅಂತ ಕಂಡರೆ ಸಾಕು. ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿನ ನಿಯಮಗಳೂ ಅಲ್ಲಿಗೆ ಅನ್ವಯ ಆಗಲ್ಲ. 1977ರ ರತ್ತನ್ ಸಿಂಗ್ ತೀರ್ಪು ನೋಡಿ. ಅವರು ಹರಿಯಾಣದ ಬಸ್ ಕಂಡಕ್ಟರ್. ದುಡ್ಡು ಇಸ್ಕೊಂಡು ಟಿಕೆಟ್ ಕೊಟ್ಟಿಲ್ಲ ಅನ್ನೋದು ಆರೋಪ. ಪ್ರಯಾಣಿಕರನ್ನು ಸಾಕ್ಷಿಯಾಗಿ ಕರೆಸಿಲ್ಲ ಅಂತ ಅವರ ವಾದ. ತನಿಖಾ ತಂಡದ ಹೇಳಿಕೆಯೇ ಸಾಕು, ನಂಬಬಹುದಾದ ಒಂದಿಷ್ಟು ಸಾಕ್ಷ್ಯ ಇದ್ದರೆ ನಾವು ಕೈ ಹಾಕಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇವತ್ತಿಗೂ ಸರ್ಕಾರಿ ವಕೀಲರು ಮೊದಲು ಎತ್ತೋದು ಇದನ್ನೇ.

ಹಾಗಾಗಿ "ಖುಲಾಸೆ ಆದರೆ ವಜಾ ತಾನಾಗಿ ರದ್ದು" ಅನ್ನೋದು ತಪ್ಪು. "ಖುಲಾಸೆಗೆ ಬೆಲೆಯೇ ಇಲ್ಲ" ಅನ್ನೋದೂ ಅಷ್ಟೇ ತಪ್ಪು. ಕಚೇರಿಯವರು ಹೇಳಿದ್ದು ಆ ಎರಡನೇ ತಪ್ಪು.

ನಮ್ಮ ಕೋಲಾರದ ಚಿನ್ನದ ಗಣಿಯದ್ದೇ ಒಂದು ಪ್ರಕರಣ ಇದೆ. ಕ್ಯಾಪ್ಟನ್ ಎಂ. ಪೌಲ್ ಆಂಟನಿ ವಿರುದ್ಧ ಭಾರತ್ ಗೋಲ್ಡ್ ಮೈನ್ಸ್. ಅವರು ಅಲ್ಲಿ ಭದ್ರತಾ ಅಧಿಕಾರಿ. 1985ರಲ್ಲಿ ಅವರ ಮನೆ ಮೇಲೆ ದಾಳಿ ಆಯ್ತು, 4.5 ಗ್ರಾಂ ತೂಕದ ಚಿನ್ನದ ಉಂಡೆಯೂ 1,276 ಗ್ರಾಂ ಚಿನ್ನ ಮಿಶ್ರಿತ ಮರಳೂ ಸಿಕ್ಕಿತು ಅಂತ ಆರೋಪ. ಕ್ರಿಮಿನಲ್ ಕೇಸು, ಇಲಾಖಾ ವಿಚಾರಣೆ ಒಟ್ಟಿಗೇ ಶುರುವಾದವು. ಅಮಾನತಿನಲ್ಲಿದ್ದಾಗ ಅವರಿಗೆ ಜೀವನಾಧಾರ ಭತ್ಯೆ ಕೊಡಲಿಲ್ಲ. ಅವರು ಕೇರಳದಲ್ಲಿದ್ದರು, ವಿಚಾರಣೆಗೆ ಬರಲು ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟ್ ಖುಲಾಸೆ ಮಾಡಿತು. ದಾಳಿಯೇ ನಡೆದಿಲ್ಲ, ಏನೂ ಸಿಕ್ಕಿಲ್ಲ ಅಂತ ಸ್ಪಷ್ಟವಾಗಿ ಬರೆಯಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಅಂದಿತು. ಎರಡೂ ಕಡೆ ಅದೇ ದಾಳಿ, ಅದೇ ಪಂಚರು, ಅದೇ ಪೊಲೀಸರು. ಆ ದಾಳಿಯೇ ಸುಳ್ಳು ಅಂತ ಆದ ಮೇಲೆ ಅದರ ಮೇಲೆ ನಿಂತ ವಜಾ ಆದೇಶ ಉಳಿಯೋದು ಅನ್ಯಾಯ ಅನ್ನೋದು ತೀರ್ಪಿನ ತಿರುಳು.

ಸಾಲುಮರ:
ನಾನು ಇನ್ನೊಂದು ಕಡೆಯಿಂದ ಮಾತಾಡ್ತೀನಿ, ಬೈಬೇಡಿ. ಕಚೇರಿಗಳಿಗೆ ಅಲೆದು ಅಲೆದು ದುಡ್ಡು ಕೊಟ್ಟವನು ನಾನು. ದೂರುದಾರ ಯಾಕೆ ತಿರುಗಿಬೀಳ್ತಾನೆ ಅಂತ ಎಲ್ಲರಿಗೂ ಗೊತ್ತು. ಒತ್ತಡ ಹಾಕ್ತಾರೆ, ರಾಜಿ ಮಾಡಿಸ್ತಾರೆ, ಕೆಲವೊಮ್ಮೆ ಖರೀದಿಯೇ ಮಾಡ್ತಾರೆ. ಹಾಗೆ ಬಿಡುಗಡೆ ಆದವರೆಲ್ಲ ಹಾರ ಹಾಕಿಕೊಂಡು ಅದೇ ಕುರ್ಚಿಗೆ ಬಂದು ಕೂತರೆ ದೂರು ಕೊಟ್ಟವನ ಗತಿ ಏನು? ಇಲಾಖಾ ವಿಚಾರಣೆಯನ್ನು ಬೇರೆ ಇಟ್ಟಿರೋದೇ ಸರಿ.

ಕೆರೆಯಂಗಳ:
ಸಾಲುಮರ ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ನಮ್ಮ ಭಾವ ಆ ದೂರುದಾರನ ಮುಖವನ್ನೇ ಆಮೇಲೆ ನೋಡಿಲ್ಲ.

ಹಳೇಫೈಲು:
ಸಾಲುಮರ ಹೇಳಿದ್ದರಲ್ಲಿ ಹುರುಳಿದೆ, ತಳ್ಳಿಹಾಕೋದು ಬೇಡ. 2012ರ ಸಮುತಿರಂ ತೀರ್ಪು ಇದೇ ಥರದ್ದು. ತಮಿಳುನಾಡಿನ ಪೊಲೀಸ್ ಒಬ್ಬರು ಬಸ್ ನಿಲ್ದಾಣದಲ್ಲಿ ಕುಡಿದು ಮಹಿಳೆಯೊಬ್ಬರ ಜೊತೆ ಅಸಭ್ಯವಾಗಿ ನಡೆದುಕೊಂಡರು ಅಂತ ಆರೋಪ. ಇಲಾಖೆ ವಿಚಾರಣೆ ಮಾಡಿ ಮನೆಗೆ ಕಳಿಸಿತು. ಕ್ರಿಮಿನಲ್ ಕೋರ್ಟಿನಲ್ಲಿ ಆ ಮಹಿಳೆ, ಅವರ ಗಂಡ ಇಬ್ಬರೂ ತಿರುಗಿಬಿದ್ದರು, ಖುಲಾಸೆ ಆಯ್ತು. ಮುಖ್ಯ ಸಾಕ್ಷಿಗಳು ಬಾಯಿ ಮುಚ್ಚಿಕೊಂಡಿದ್ದರಿಂದ ಸಿಕ್ಕ ಬಿಡುಗಡೆ ಗೌರವಯುತ ಖುಲಾಸೆ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ವಜಾವನ್ನೇ ಉಳಿಸಿತು.

ನಮ್ಮ ರಾಜ್ಯದ್ದೇ ಬೇಕು ಅಂದ್ರೆ 2022ರ ಉಮೇಶ್ ತೀರ್ಪು ಇದೆ. ಅವರು ಗ್ರಾಮ ಲೆಕ್ಕಿಗರು, ಲೋಕಾಯುಕ್ತ ಟ್ರ್ಯಾಪ್. ಕೋರ್ಟಿನಲ್ಲಿ ಖುಲಾಸೆ, ಇಲಾಖಾ ವಿಚಾರಣೆಯಲ್ಲಿ ತಪ್ಪಿತಸ್ಥ, ಕಡ್ಡಾಯ ನಿವೃತ್ತಿ. ಕೆಎಟಿ, ಅಂದ್ರೆ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಕೈ ಹಾಕಲಿಲ್ಲ. ಹೈಕೋರ್ಟ್ ಅವರ ಪರ ಹೇಳಿತು. ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ರದ್ದು ಮಾಡಿ ಕಡ್ಡಾಯ ನಿವೃತ್ತಿಯನ್ನೇ ಎತ್ತಿಹಿಡಿಯಿತು. ಕರ್ನಾಟಕದ ಟ್ರ್ಯಾಪ್ ಕೇಸ್‌ಗಳಲ್ಲಿ ಸರ್ಕಾರ ಮೊದಲು ಹಿಡಿಯೋ ಅಸ್ತ್ರ ಈಗ ಇದೇ. ನಿಮ್ಮ ಭಾವನ ವಕೀಲರು ಇದನ್ನು ಓದದೇ ಕೆಎಟಿಗೆ ಹೋಗಬಾರದು.

ಅಂಗಿಗುಂಡಿ:
ಹಾಗಾದ್ರೆ "ಗೌರವಯುತ ಖುಲಾಸೆ" ಅಂತ ತೀರ್ಪಲ್ಲಿ ಬರೆದಿದ್ದರೆ ಮಾತ್ರ ಕೆಲಸ ವಾಪಸ್ಸಾ? ಯಾವ ನ್ಯಾಯಾಧೀಶರೂ ಹಾಗೆ ಬರೆಯಲ್ಲವಲ್ಲ!

ಕರಿಕೋಟು:
ಬರೆಯಲ್ಲ, ನಿಜ. ಆ ಮಾತು ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನಲ್ಲೇ ಇಲ್ಲ. ಸೇವಾ ತೀರ್ಪುಗಳಿಂದ ಬೆಳೆದು ಬಂದದ್ದು. ಪ್ರಾಸಿಕ್ಯೂಷನ್ ಸಾಕ್ಷ್ಯವನ್ನೆಲ್ಲ ಪೂರ್ತಿ ಪರಿಗಣಿಸಿ, ಆರೋಪ ಸಾಬೀತು ಮಾಡಲು ದಯನೀಯವಾಗಿ ವಿಫಲವಾಗಿದೆ ಅಂತ ಕೋರ್ಟ್ ಹೇಳಿದರೆ ಅದನ್ನು ಗೌರವಯುತ ಅನ್ನಬಹುದು ಅಂತ ಸಮುತಿರಂ ತೀರ್ಪೇ ವಿವರಿಸುತ್ತೆ.

ಇಲ್ಲಿ 2023ರ ಡಿಸೆಂಬರ್ 4ರ ರಾಮ್ ಲಾಲ್ ತೀರ್ಪು ನಮಗೆ ತುಂಬಾ ಸಹಾಯಕ್ಕೆ ಬರುತ್ತೆ. ಅವರು ರಾಜಸ್ಥಾನದ ಕಾನ್‌ಸ್ಟೇಬಲ್. ಎಂಟನೇ ತರಗತಿ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ತಿದ್ದಿದ್ದಾರೆ ಅಂತ ಆರೋಪ. ಇಲಾಖೆ ವಜಾ ಮಾಡಿತು. ವಿಚಾರಣಾ ನ್ಯಾಯಾಲಯವೂ ತಪ್ಪಿತಸ್ಥ ಅಂದಿತು. ಮೇಲ್ಮನವಿಯಲ್ಲಿ ಖುಲಾಸೆ. ಆ ತೀರ್ಪಿನಲ್ಲಿ "ಸಂಶಯದ ಲಾಭ" ಅನ್ನೋ ಪದ ಇದ್ದೇ ಇತ್ತು. ಆದರೂ ಸುಪ್ರೀಂ ಕೋರ್ಟ್ ಆ ಪದಕ್ಕೆ ಜೋತು ಬೀಳಲಿಲ್ಲ. ಇವೇನು ಮಂತ್ರಾಕ್ಷರಗಳಲ್ಲ, ತೀರ್ಪಿನ ಒಳಗಿನ ತಿರುಳು ನೋಡಬೇಕು ಅಂತ ಹೇಳಿತು. ಆರೋಪ, ಸಾಕ್ಷ್ಯ, ಸಾಕ್ಷಿಗಳು ಎರಡೂ ಕಡೆ ಒಂದೇ ಆಗಿದ್ದವು. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು, ಹಿರಿತನ ಕೊಡಲು, ಹಿಂಬಾಕಿ ವೇತನದಲ್ಲಿ ಶೇ. 50ರಷ್ಟು ಕೊಡಲು ಆದೇಶ ಆಯ್ತು.

2006ರ ಜಿ.ಎಂ. ಟ್ಯಾಂಕ್ ತೀರ್ಪೂ ಇದೇ ದಾರಿಯದ್ದು. ಗುಜರಾತಿನ ಅಕ್ರಮ ಆಸ್ತಿ ಪ್ರಕರಣ ಅದು.

ಹಳೇಫೈಲು:
ಅಂದ್ರೆ ಮಾಡಬೇಕಾದ ಕೆಲಸ ಇಷ್ಟು. ಎರಡು ದಾಖಲೆ ಪಕ್ಕಪಕ್ಕ ಇಟ್ಟುಕೊಂಡು ಕೂರಬೇಕು. ಎಡಗಡೆ ಇಲಾಖೆಯ ದೋಷಾರೋಪಣಾ ಪಟ್ಟಿ ಮತ್ತು ವಿಚಾರಣಾ ವರದಿ. ಬಲಗಡೆ ಕ್ರಿಮಿನಲ್ ಕೋರ್ಟಿನ ತೀರ್ಪು. ಆರೋಪ ಒಂದೇನಾ? ಸಾಕ್ಷಿಗಳು ಅವರೇನಾ? ಮಹಜರು, ಧ್ವನಿಮುದ್ರಣ, ನೋಟಿಗೆ ಹಚ್ಚಿದ ಪುಡಿ ಪತ್ತೆಗೆ ಕೈ ತೊಳೆಸಿದ ನೀರಿನ ಪ್ರಯೋಗಾಲಯ ವರದಿ, ಎಲ್ಲ ಅವೇನಾ? ಇಲಾಖೆಯ ಪಟ್ಟಿಯಲ್ಲಿ ಒಂದೇ ಒಂದು ಹೆಚ್ಚುವರಿ ಆರೋಪ ಇದ್ದರೂ ಕಥೆ ಬದಲಾಗುತ್ತೆ. "ಅರ್ಜಿದಾರರ ಕಡತವನ್ನು ಕಾರಣವಿಲ್ಲದೆ ಇಟ್ಟುಕೊಂಡಿದ್ದರು" ಅಂತ ಎರಡನೇ ಆರೋಪ ಇತ್ತು ಅಂದುಕೊಳ್ಳಿ. ಅದನ್ನು ಕ್ರಿಮಿನಲ್ ಕೋರ್ಟ್ ನೋಡಿಯೇ ಇರಲ್ಲ. ಅದು ಸಾಬೀತು ಆಗಿದ್ದರೆ ಖುಲಾಸೆಯಿಂದ ಅದು ಅಳಿಸಲ್ಲ. ಆಗ ವಾದ ಬೇರೆ ಮಾಡಬೇಕು, ಈ ಸಣ್ಣ ತಪ್ಪಿಗೆ ವಜಾ ಜಾಸ್ತಿ ಆಯ್ತು ಅಂತ.

ಬಹಳ ವಕೀಲರೂ ಈ ಹೋಲಿಕೆ ಮಾಡಲ್ಲ ಅನ್ನೋದು ನನ್ನ ಅನುಭವ. ಖುಲಾಸೆ ತೀರ್ಪು ಲಗತ್ತಿಸಿ ನಾಲ್ಕು ಸಾಲಿನ ಮನವಿ ಬರೆದು ಕೊಟ್ಟುಬಿಡ್ತಾರೆ. ಕಡತದಲ್ಲಿ ಅದಕ್ಕೆ ಉತ್ತರವೂ ನಾಲ್ಕೇ ಸಾಲು.

ಚೆಕ್‌ಪೋಸ್ಟ್:
ನಾನು ಪೊಲೀಸ್ ಇಲಾಖೆ. ನಮಗೆ 1965ರ ಶಿಸ್ತು ನಡವಳಿ ನಿಯಮಗಳೇ ಬೇರೆ ಇವೆ. ನನ್ನ ಸ್ನೇಹಿತನದ್ದು ಬೇರೆ ಥರದ ಕೇಸು. ಜಮೀನು ಜಗಳದಲ್ಲಿ ಹೊಡೆದಾಟ, ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆ ಆಯ್ತು. ಇಲಾಖೆ ವಿಚಾರಣೆಯನ್ನೇ ಮಾಡದೆ ಆ ಶಿಕ್ಷೆಯ ಮೇಲೆಯೇ ವಜಾ ಮಾಡಿತು. ಈಗ ಹೈಕೋರ್ಟ್ ಖುಲಾಸೆ ಮಾಡಿದೆ. ಇಲ್ಲಿ ಹೇಳಿದ್ದೆಲ್ಲ ಅವನಿಗೂ ಅನ್ವಯ ಆಗುತ್ತಾ?

ಕರಿಕೋಟು:
ಇಲ್ಲ, ಅವರ ದಾರಿ ಇದಕ್ಕಿಂತ ಸಲೀಸು. ವಿಚಾರಣೆ ಮಾಡದೆ ವಜಾ ಮಾಡಬಾರದು ಅಂತ 311(2)ನೇ ವಿಧಿ ಹೇಳುತ್ತೆ. ಅದಕ್ಕೆ ಮೂರು ವಿನಾಯಿತಿ ಇವೆ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆಗಿದ್ದರೆ ವಿಚಾರಣೆ ಬೇಡ ಅನ್ನೋದು ಮೊದಲನೆಯದು. 1985ರ ತುಳಸಿರಾಮ್ ಪಟೇಲ್ ತೀರ್ಪು ಇದನ್ನು ಬಿಡಿಸಿ ಹೇಳಿದೆ. ನಮ್ಮ ರಾಜ್ಯದ ಸಿವಿಲ್ ನೌಕರರಿಗೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 14ನೇ ನಿಯಮದಲ್ಲಿ ಇದೇ ಇದೆ.

ಇಂಥ ವಜಾ ಪೂರ್ತಿ ಆ ಶಿಕ್ಷೆಯ ಮೇಲೆಯೇ ನಿಂತಿರುತ್ತೆ. ಶಿಕ್ಷೆ ಹೋದರೆ ವಜಾಕ್ಕೆ ಕಾಲಿಲ್ಲ. 1995ರ ನಾಗೂರ್ ಮೀರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎರಡೂ ಮಾತು ಹೇಳಿದೆ. ಮೇಲ್ಮನವಿ ಬಾಕಿ ಇದೆ ಅಂತ ಇಲಾಖೆ ಕಾಯಬೇಕಿಲ್ಲ, ವಜಾ ಮಾಡಬಹುದು. ಆಮೇಲೆ ಖುಲಾಸೆ ಆದರೆ ಆದೇಶವನ್ನು ಬದಲಿಸಿ ನೌಕರನಿಗೆ ಸಿಗಬೇಕಾದ ಸೌಲಭ್ಯ ಕೊಡಬಹುದು. ನಿಮ್ಮ ಸ್ನೇಹಿತ ಹೈಕೋರ್ಟ್ ತೀರ್ಪಿನ ಜೊತೆ ಶಿಸ್ತು ಪ್ರಾಧಿಕಾರಕ್ಕೆ ಬರೆಯಲಿ. ಇಲಾಖೆ ಬೇಕಾದರೆ ಆಗ ಹೊಸದಾಗಿ ವಿಚಾರಣೆ ಶುರು ಮಾಡಬಹುದು, ಅದು ಬೇರೆ ಮಾತು.

ಆದರೆ ಹಿಂಬಾಕಿ ಸಂಬಳದ ಆಸೆ ಜಾಸ್ತಿ ಇಟ್ಟುಕೊಳ್ಳೋದು ಬೇಡ. ಇಲಾಖೆಗೆ ಸಂಬಂಧವೇ ಇಲ್ಲದ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಕೊಂಡು ಸೇವೆಯಿಂದ ಹೊರಗಿದ್ದರೆ, ಆ ಅವಧಿಯ ಸಂಬಳವನ್ನು ಸರ್ಕಾರ ಕೊಡಬೇಕಿಲ್ಲ ಅಂತ 1996ರ ರಣಛೋಡ್‌ಜಿ, 2004ರ ಜೈಪಾಲ್ ಸಿಂಗ್ ತೀರ್ಪುಗಳು ಹೇಳುತ್ತವೆ. ಎರಡೂ ಕೊಲೆ ಆರೋಪದ ಪ್ರಕರಣಗಳು, ಎರಡರಲ್ಲೂ ಖುಲಾಸೆ, ಕೆಲಸ ಸಿಕ್ಕಿತು, ಸಂಬಳ ಸಿಗಲಿಲ್ಲ.

ಚೆಕ್‌ಪೋಸ್ಟ್:
ಕೆಲಸ ಸಿಕ್ಕರೆ ಸಾಕು ಸರ್ ಅವನಿಗೆ. ಇನ್ನೊಂದು ಪ್ರಶ್ನೆ. ಖುಲಾಸೆ ಆದವರನ್ನು ಅದೇ ಆರೋಪದ ಮೇಲೆ ಶಿಕ್ಷಿಸಬಾರದು ಅಂತ ಪೊಲೀಸ್ ನಿಯಮದಲ್ಲೇ ಇದೆ ಅಂತ ಯಾರೋ ಹೇಳಿದರು.

ಕರಿಕೋಟು:
ಅದು ದೆಹಲಿ ಪೊಲೀಸರ 1980ರ ನಿಯಮ, 12ನೇ ನಿಯಮ. ಪಂಜಾಬ್ ಪೊಲೀಸ್ ನಿಯಮಗಳಲ್ಲೂ ಅಂಥದ್ದಿದೆ. ಅದಕ್ಕೂ ಹೊರತುಗಳಿವೆ. ತಾಂತ್ರಿಕ ಕಾರಣಕ್ಕೆ ಬಿಡುಗಡೆ ಆಗಿದ್ದರೆ, ಸಾಕ್ಷಿಗಳನ್ನು ಒಲಿಸಿಕೊಂಡಿದ್ದಾರೆ ಅಂತ ಕಂಡರೆ ಇಲಾಖೆ ಮುಂದುವರಿಯಬಹುದು. ಇಂಟರ್‌ನೆಟ್ಟಿನಲ್ಲಿ ಸಿಗೋ ದೆಹಲಿ ತೀರ್ಪುಗಳನ್ನು ಓದಿ ನಮ್ಮವರು ಹಿಗ್ಗೋದು ನೋಡಿದ್ದೇನೆ. ಆ ತೀರ್ಪು ಯಾವ ನಿಯಮದ ಮೇಲೆ ನಿಂತಿದೆ ಅಂತ ಮೊದಲು ನೋಡಬೇಕು.

ಡಿಪೋಗಂಟೆ:
ನಾವು ಸಾರಿಗೆ ನಿಗಮದವರು. ನಮಗೆ 311 ಇದೆಯಾ?

ಹಳೇಫೈಲು:
ಇಲ್ಲ. ಅದು ಸರ್ಕಾರದ ಸಿವಿಲ್ ಹುದ್ದೆಯವರಿಗೆ. ನಿಗಮ, ಮಂಡಳಿ, ಬ್ಯಾಂಕುಗಳಿಗೆ ಅವರವರದೇ ನಡತೆ ಮತ್ತು ಶಿಸ್ತು ನಿಯಮಗಳು. ಆದರೆ ಸಹಜ ನ್ಯಾಯದ ಕಟ್ಟಳೆ ಎಲ್ಲರಿಗೂ ಒಂದೇ. ನೀವು ಕಾರ್ಮಿಕ ಅನ್ನೋ ವ್ಯಾಖ್ಯೆಗೆ ಬರೋದಾದರೆ ಕೆಎಟಿ ಅಲ್ಲ, ಕಾರ್ಮಿಕ ನ್ಯಾಯಾಲಯ. ಅಲ್ಲಿ ಒಂದು ಅನುಕೂಲ ಇದೆ. ಶಿಕ್ಷೆ ಹೆಚ್ಚಾಯ್ತು ಅನ್ನಿಸಿದರೆ ಆ ನ್ಯಾಯಾಲಯವೇ ಅದನ್ನು ಇಳಿಸಬಹುದು. ಆದರೆ ಕೆಎಸ್‌ಆರ್‌ಟಿಸಿ ವಿರುದ್ಧದ ಎಂ.ಜಿ. ವಿಠ್ಠಲ ರಾವ್ ಪ್ರಕರಣದಲ್ಲಿ ಖುಲಾಸೆ ಆಗಿದ್ದರೂ ಸುಪ್ರೀಂ ಕೋರ್ಟ್ ನಿಗಮದ ಪರ ಹೇಳಿತು. ಮಾಲೀಕರಿಗೆ ನೌಕರನ ಮೇಲಿನ ನಂಬಿಕೆ ಹೋಯ್ತು ಅನ್ನೋ ವಾದ ಅಲ್ಲಿ ಗೆದ್ದಿತು. ದುಡ್ಡು, ಸಾಮಾನು ಕೈಯಲ್ಲಿ ಓಡಾಡುವ ಕೆಲಸದವರಿಗೆ ಈ ವಾದ ಅಪಾಯಕಾರಿ.

ಹೊಸಚಿಗುರು:
ನನ್ನದು ಸ್ವಲ್ಪ ಬೇರೆ ವಿಷಯ. ಪರೀಕ್ಷೆ ಪಾಸಾಗಿದ್ದೇನೆ, ಕಾಲೇಜಿನಲ್ಲಿದ್ದಾಗ ಒಂದು ಗಲಾಟೆ ಕೇಸಿತ್ತು, ಖುಲಾಸೆ ಆಗಿದೆ. ಕೆಲಸಕ್ಕೆ ಸೇರುವಾಗ ತುಂಬುವ ದೃಢೀಕರಣ ನಮೂನೆಯಲ್ಲಿ ಬರೀಬೇಕಾ? ಖುಲಾಸೆ ಆದದ್ದನ್ನು ಯಾಕೆ ಬರೀಬೇಕು ಅಂತ ಮನೆಯಲ್ಲಿ ಹೇಳ್ತಿದ್ದಾರೆ.

ಕರಿಕೋಟು:
ನಮೂನೆಯಲ್ಲಿ ಕೇಳಿದ್ದರೆ ಬರೀರಿ, ಎರಡನೇ ಯೋಚನೆ ಬೇಡ. 2016ರ ಅವತಾರ್ ಸಿಂಗ್ ತೀರ್ಪು ಓದಿ. ಕೇಸಿಗಿಂತ ಕೇಸು ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಕೆಲಸ ಕಳೆದುಕೊಂಡವರು ಜಾಸ್ತಿ. ಬರೆದರೂ ಕೆಲಸ ಕೊಡಲೇಬೇಕು ಅಂತಿಲ್ಲ. ಕೇಸು ಎಂಥದ್ದು, ಹೇಗೆ ಖುಲಾಸೆ ಆಯ್ತು ಅಂತ ನೋಡ್ತಾರೆ. ಆದರೆ ವಾದ ಮಾಡಲು ಜಾಗ ಇರುತ್ತೆ.

ನಿರ್ವಾಹಕ:
ಹೊಸಚಿಗುರು, ಇದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಚರ್ಚಿಸೋಣ. ಇಲ್ಲಿ ಕೆರೆಯಂಗಳ ಅವರ ವಿಷಯ ಮುಂದುವರಿಯಲಿ.

ಕೆರೆಯಂಗಳ:
ತೀರ್ಪು ಪೂರ್ತಿ ಓದಿದೆ. ಮುಖ್ಯವಾದದ್ದು ಹೇಳ್ತೀನಿ. ಕೋರ್ಟಿನಲ್ಲಿ ದೂರುದಾರ ತಿರುಗಿಬಿದ್ದ. ನೆರಳು ಸಾಕ್ಷಿ ಮಾತು ಕೇಳಿಸಲಿಲ್ಲ ಅಂದ. ದುಡ್ಡು ಸಿಕ್ಕಿದ್ದು ಭಾವನ ಕೈಯಲ್ಲೂ ಅಲ್ಲ, ಜೇಬಲ್ಲೂ ಅಲ್ಲ. ಮೇಜಿನ ಮೇಲಿದ್ದ ಕಡತದ ಒಳಗೆ. ದುಡ್ಡು ಅಲ್ಲಿ ಯಾರು ಇಟ್ಟರು ಅನ್ನೋದೇ ಸ್ಪಷ್ಟವಿಲ್ಲ, ಬೇಡಿಕೆ ಇಟ್ಟಿದ್ದಕ್ಕೆ ಸಾಕ್ಷ್ಯವೇ ಇಲ್ಲ ಅಂತ ಬರೆದಿದ್ದಾರೆ. ಆದರೆ ಕೊನೆಗೆ "ಸಂಶಯದ ಲಾಭ ನೀಡಿ" ಅಂತ ಇದೆ.

ಇಲಾಖಾ ವಿಚಾರಣೆಯಲ್ಲಿ ದೂರುದಾರ ಬಂದೇ ಇಲ್ಲ. ನೆರಳು ಸಾಕ್ಷಿಯೂ ತನಿಖಾಧಿಕಾರಿಯೂ ಬಂದಿದ್ದರು. ಅಲ್ಲಿ ನೆರಳು ಸಾಕ್ಷಿ "ಕೇಳಿಸಿತು" ಅಂದಿದ್ದಾನೆ. ಭಾವ ಅವನಿಗೆ ಪಾಟೀ ಸವಾಲನ್ನೇ ಹಾಕಿಲ್ಲ! ಕೇಳಿದರೆ "ಕೋರ್ಟಿನಲ್ಲಿ ಹೇಗೂ ಗೆಲ್ತೀವಲ್ಲ ಅಂತ ಸುಮ್ನೆ ಇದ್ದೆ" ಅಂದರು.

ಸಾಲುಮರ:
ಈಗ ನನಗೂ ಸ್ವಲ್ಪ ಅನುಮಾನ ಬಂತು ನೋಡಿ. ಕಡತದೊಳಗೆ ದುಡ್ಡು ಅಂದ್ರೆ ಯಾರು ಬೇಕಾದರೂ ಇಡಬಹುದು. ಆದರೆ ಕಡತದಲ್ಲಿ ಇಡು ಅಂತ ಹೇಳುವವರನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನೂ ಹೇಳಿಬಿಡ್ತೀನಿ.

ಹಳೇಫೈಲು:
"ಸುಮ್ನೆ ಇದ್ದೆ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಇಲಾಖಾ ವಿಚಾರಣೆಯನ್ನು ಲಘುವಾಗಿ ತಗೊಳ್ಳೋದು ನಮ್ಮ ನೌಕರರ ದೊಡ್ಡ ರೋಗ. ಕ್ರಿಮಿನಲ್ ವಕೀಲರಿಗೆ ಸಾಲ ಮಾಡಿಯಾದರೂ ದುಡ್ಡು ಕೊಡ್ತಾರೆ. ವಿಚಾರಣಾಧಿಕಾರಿ ಮುಂದೆ ಮಾತ್ರ ಲಿಖಿತ ಹೇಳಿಕೆ ಕೂಡ ಕೊಡದೆ ಕೂರ್ತಾರೆ. ಕೆಲಸ ಹೋಗೋದು ಅಲ್ಲೇ ಅನ್ನೋದು ಅವರಿಗೆ ಹೊಳೆಯೋದೇ ಇಲ್ಲ.

ಕ್ರಿಮಿನಲ್ ಕೇಸು ಮುಗಿಯೋವರೆಗೆ ವಿಚಾರಣೆ ನಿಲ್ಲಿಸಿ ಅಂತ ಕೇಳಬಹುದಿತ್ತು. ಸಿಕ್ಕೇಬಿಡುತ್ತೆ ಅಂತಲ್ಲ. ಆರೋಪ ಗಂಭೀರವಾಗಿದ್ದು, ಕಾನೂನಿನ ಮತ್ತು ಸಂಗತಿಯ ಜಟಿಲ ಪ್ರಶ್ನೆಗಳಿದ್ದು, ಇಲ್ಲಿ ಬಾಯಿಬಿಟ್ಟರೆ ಅಲ್ಲಿಯ ರಕ್ಷಣೆಗೆ ಪೆಟ್ಟು ಬೀಳುತ್ತೆ ಅನ್ನೋ ಸ್ಥಿತಿ ಇದ್ದರೆ ಮಾತ್ರ ಕೊಡ್ತಾರೆ. 1996ರ ಬಿ.ಕೆ. ಮೀನಾ ತೀರ್ಪು ಅದನ್ನೂ ಅಳೆದು ಕೊಡಿ ಅಂತ ಹೇಳಿದೆ. ಆದರೂ ಕೇಳಿದ್ದು ದಾಖಲೆಯಲ್ಲಿ ಇರ್ತಿತ್ತು.

ಕರಿಕೋಟು:
ಆದರೂ ನಿರಾಶೆ ಬೇಡ. ಕೆರೆಯಂಗಳ ಅವರು ಈಗ ಹೇಳಿದ್ದು ಒಳ್ಳೆಯ ಸಂಗತಿಗಳೇ.

"ಸಂಶಯದ ಲಾಭ" ಅನ್ನೋ ಪದಕ್ಕೆ ರಾಮ್ ಲಾಲ್ ತೀರ್ಪು ಉತ್ತರ. ಕೋರ್ಟ್ ಇಲ್ಲಿ ಹಾಸ್ಟೈಲ್ ಅನ್ನೋ ಒಂದೇ ಕಾರಣಕ್ಕೆ ಬಿಟ್ಟಿಲ್ಲ, ನೆರಳು ಸಾಕ್ಷಿಯನ್ನೂ ದುಡ್ಡು ಸಿಕ್ಕ ಜಾಗವನ್ನೂ ತೂಗಿ ನೋಡಿ ಬಿಟ್ಟಿದೆ. ಸಮುತಿರಂ ಪ್ರಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ, ಅದನ್ನು ಗಟ್ಟಿಯಾಗಿ ಹಿಡಿಯಬೇಕು. ಬೇಡಿಕೆ ಸಾಬೀತಾಗದೆ ಬರೀ ದುಡ್ಡು ಸಿಕ್ಕಿದ್ದರಿಂದ ಲಂಚದ ಅಪರಾಧ ಆಗಲ್ಲ ಅಂತ 2014ರ ಬಿ. ಜಯರಾಜ್ ತೀರ್ಪಿದೆ. ಹಾಗಂತ ದೂರುದಾರ ತಿರುಗಿಬಿದ್ದ ಕೂಡಲೇ ಕೇಸು ಬಿದ್ದೇಹೋಗುತ್ತೆ ಅಂತಲೂ ಇಲ್ಲ. ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಅಂತ 2022ರ ಡಿಸೆಂಬರಿನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. ನಿಮ್ಮ ಕೋರ್ಟ್ ಆ ಬೇರೆ ಸಾಕ್ಷ್ಯವನ್ನೂ ನೋಡಿ ಇಲ್ಲ ಅಂದಿದೆ. ಅದು ನಿಮಗೆ ಬಲ.

ತೊಂದರೆ ಇರೋದು ಇಲಾಖೆಯ ಕಡೆ ದಾಖಲೆಯಲ್ಲಿ. ನೆರಳು ಸಾಕ್ಷಿ ಅಲ್ಲಿ ಕೇಳಿಸಿತು ಅಂದಿದ್ದಾನೆ, ಅದಕ್ಕೆ ಎದುರು ಸವಾಲು ಇಲ್ಲ. "ನಮ್ಮ ಮುಂದಿದ್ದ ಸಾಕ್ಷ್ಯ ಬೇರೆ" ಅಂತ ಸರ್ಕಾರ ಹೇಳೋದು ಖಚಿತ. ಅದಕ್ಕೆ ಉತ್ತರ ಅದೇ ವ್ಯಕ್ತಿ ಪ್ರಮಾಣ ಮಾಡಿ ಕೋರ್ಟಿನಲ್ಲಿ ಒಪ್ಪಿಕೊಂಡದ್ದು. ಅವನ ಪಾಟೀ ಸವಾಲಿನ ಹೇಳಿಕೆಯ ಪ್ರಮಾಣಿತ ನಕಲು ಇವತ್ತೇ ಅರ್ಜಿ ಹಾಕಿ ತೆಗೆಸಿ. ತೀರ್ಪಿನಲ್ಲಿ ಅದರ ಎರಡು ಸಾಲು ಮಾತ್ರ ಇರುತ್ತೆ, ಪೂರ್ತಿ ಹೇಳಿಕೆ ಬೇಕು.

ಇನ್ನೊಂದು ನೋಡಿ. ವಿಚಾರಣಾ ವರದಿಯಲ್ಲಿ ದೂರುದಾರನ ದೂರನ್ನೇ ಸಾಕ್ಷ್ಯ ಅಂತ ಹಿಡಿದಿದ್ದಾರಾ? ಅವನು ಬಂದು ಹೇಳದೆ, ಯಾರೂ ಅದನ್ನು ಸಾಬೀತು ಮಾಡದೆ, ಪೊಲೀಸ್ ಕಾಗದಗಳನ್ನೇ ಸಾಕ್ಷ್ಯ ಅಂತ ತಗೊಳ್ಳೋ ಹಾಗಿಲ್ಲ. 2009ರ ರೂಪ್ ಸಿಂಗ್ ನೇಗಿ ತೀರ್ಪು ಇದಕ್ಕೇ ಇರೋದು. ವಿಚಾರಣಾ ವರದಿಯ ಪ್ರತಿ ಕೊಟ್ಟು ಉತ್ತರ ಕೇಳಿದ್ದರಾ ಅನ್ನೋದೂ ಮುಖ್ಯ. 1993ರ ಕರುಣಾಕರ್ ತೀರ್ಪಿನ ಪ್ರಕಾರ ಕೊಡಲೇಬೇಕು.

ಕೆರೆಯಂಗಳ:
ವರದಿ ಕೊಟ್ಟಿದ್ದರು, ಉತ್ತರವನ್ನೂ ಕೊಟ್ಟಿದ್ದಾರೆ. ದೂರನ್ನು ದಾಖಲೆ ಅಂತ ಗುರುತು ಮಾಡಿದ್ದಾರೆ, ತನಿಖಾಧಿಕಾರಿಯ ಮೂಲಕ. ಇದು ಲೋಕಾಯುಕ್ತದಲ್ಲೇ ನಡೆದ ವಿಚಾರಣೆ.

ಹಳೇಫೈಲು:
ಹಾಗಾದ್ರೆ ಅದೇ ಸಿಸಿಎ ನಿಯಮಗಳ 14-ಎ ನಿಯಮದ ಪ್ರಕಾರ ಸರ್ಕಾರ ಅವರಿಗೆ ವಹಿಸಿದ್ದು. ಶಿಫಾರಸು ಅವರದ್ದು, ಆದೇಶ ಸರ್ಕಾರದ್ದು. ವಜಾ ಆದೇಶದಲ್ಲಿ ಸರ್ಕಾರ ತನ್ನ ಬುದ್ಧಿ ಉಪಯೋಗಿಸಿದೆಯಾ, ಭಾವನ ಉತ್ತರಕ್ಕೆ ಏನಾದರೂ ಕಾರಣ ಬರೆದಿದೆಯಾ ನೋಡಿ. "ಸಮಜಾಯಿಷಿ ಸಮರ್ಪಕವಾಗಿಲ್ಲ" ಅನ್ನೋ ಒಂದೇ ಸಾಲು ಇದ್ದರೆ ಅದೂ ಒಂದು ಅಂಶ.

ಈಗ ಗಡುವು. ವಜಾ ಆದೇಶ ಬಂದ ಮೇಲೆ ಕೆಎಟಿಗೆ ಹೋಗಿದ್ದಾರಾ?

ಕೆರೆಯಂಗಳ:
ಇಲ್ಲ. ಕೋರ್ಟ್ ತೀರ್ಪು ಬರಲಿ ಅಂತ ಕಾದರು.

ಕರಿಕೋಟು:
ಅಯ್ಯೋ. ಇದೇ ನನಗೆ ಭಯ ಇದ್ದದ್ದು. ಆಡಳಿತ ನ್ಯಾಯಮಂಡಳಿ ಕಾಯ್ದೆಯ 21ನೇ ಕಲಂ ಪ್ರಕಾರ ಅಂತಿಮ ಆದೇಶದಿಂದ ಒಂದು ವರ್ಷ. ಆಮೇಲೆ ಹೋದರೆ ವಿಳಂಬ ಮನ್ನಾ ಅರ್ಜಿ ಹಾಕಬೇಕು, ಪ್ರತಿ ತಿಂಗಳ ತಡಕ್ಕೂ ಕಾರಣ ಹೇಳಬೇಕು. ಪದೇ ಪದೇ ಮನವಿ ಕೊಟ್ಟರೆ ಗಡುವು ಬೆಳೆಯಲ್ಲ ಅಂತ 1989ರ ರಾಥೋರ್ ತೀರ್ಪೇ ಇದೆ. ಹಾಗಾಗಿ ಇನ್ನು ಮನವಿ ಕೊಡ್ತಾ ಕೂರೋದು ಬೇಡ. ಖುಲಾಸೆ ತೀರ್ಪನ್ನು ಲಗತ್ತಿಸಿ, ಆ ಎರಡು ದಾಖಲೆಗಳ ಹೋಲಿಕೆಯನ್ನು ಬರೆದು, ಪುನರ್‌ಪರಿಶೀಲನೆಗೆ ಒಂದು ಗಟ್ಟಿ ಅರ್ಜಿ ಕೊಡಿ. ಅದರ ಜೊತೆಜೊತೆಗೇ ಕೆಎಟಿ ಅರ್ಜಿ ಸಿದ್ಧ ಮಾಡಿ. ಖುಲಾಸೆ ಆಮೇಲೆ ಬಂದ ಹೊಸ ಸಂಗತಿ, ಅದಕ್ಕೆ ಮೊದಲು ಈ ವಾದವೇ ಇರಲಿಲ್ಲ ಅನ್ನೋದು ವಿಳಂಬಕ್ಕೆ ಕೊಡಬಹುದಾದ ಕಾರಣ. ಒಪ್ಪುತ್ತಾರಾ ಅನ್ನೋದು ಪೀಠದ ಮೇಲೆ. ಕೆಎಟಿಯಲ್ಲಿ ಆಗದಿದ್ದರೆ ಹೈಕೋರ್ಟ್ ವಿಭಾಗೀಯ ಪೀಠ.

ಖುಲಾಸೆ ವಿರುದ್ಧ ಲೋಕಾಯುಕ್ತದವರು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದಾರಾ ಅದನ್ನೂ ತಿಳ್ಕೊಳ್ಳಿ. ಹಾಕಿದ್ದರೆ ಸರ್ಕಾರ ಅದನ್ನೇ ತೋರಿಸಿ ಕಾಲ ತಳ್ಳುತ್ತೆ.

ಅಂಗಿಗುಂಡಿ:
ಉಲ್ಟಾ ಆದರೆ? ಇಲಾಖೆ ಬಿಟ್ಟು ಕೋರ್ಟ್ ಹಿಡಿದುಕೊಂಡರೆ?

ಕರಿಕೋಟು:
ಇಲಾಖಾ ವಿಚಾರಣೆಯಲ್ಲಿ ನಿರ್ದೋಷಿ ಅಂದಮಾತ್ರಕ್ಕೆ ಕ್ರಿಮಿನಲ್ ಕೇಸು ಬೀಳಲ್ಲ, 2012ರ ಅಜಯ್ ಕುಮಾರ್ ತ್ಯಾಗಿ ತೀರ್ಪು ನೋಡಿ. ಅಲ್ಲೂ ಯಾವ ಕಾರಣಕ್ಕೆ ಬಿಟ್ಟರು ಅನ್ನೋದೇ ಪ್ರಶ್ನೆ.

ಮಳೆಬಿಲ್ಲು:
ಕೆರೆಯಂಗಳ ಅವರ ಅಕ್ಕನ ಸ್ಥಿತಿ ಯೋಚಿಸಿದೆ. ನಮ್ಮ ಮನೆಯಲ್ಲೂ ಅಪ್ಪನ ಅಮಾನತು ಕಾಲ ನೋಡಿದ್ದೇನೆ. ಒಂದು ಕೇಳಬೇಕು. ಕೆಲಸ ಬೇ‍ಡ, ಪಿಂಚಣಿಯಾದರೂ ಸಿಗುವ ಹಾಗೆ ಮಾಡಬಹುದಾ?

ಹಳೇಫೈಲು:
ಒಳ್ಳೆಯ ಪ್ರಶ್ನೆ ಮೇಡಂ. ವಜಾ ಆದರೆ ಹಿಂದಿನ ಸೇವೆಯೂ ಹೋಗುತ್ತೆ, ಪಿಂಚಣಿಯೂ ಇಲ್ಲ, ಮುಂದೆ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಅನರ್ಹ. ಸೇವೆಯಿಂದ ತೆಗೆದುಹಾಕಿದರೆ ಆ ಅನರ್ಹತೆ ಇಲ್ಲ. ಕಡ್ಡಾಯ ನಿವೃತ್ತಿ ಆದರೆ ಪಿಂಚಣಿಗೆ ದಾರಿ ಇರುತ್ತೆ. ಉಮೇಶ್ ಪ್ರಕರಣದಲ್ಲಿ ಕೊಟ್ಟದ್ದು ಕಡ್ಡಾಯ ನಿವೃತ್ತಿ, ವಜಾ ಅಲ್ಲ, ಅದನ್ನು ಮರೆಯಬೇಡಿ. ಹಾಗಾಗಿ ಕೆಎಟಿ ಅರ್ಜಿಯಲ್ಲಿ ಮೊದಲ ಬೇಡಿಕೆ ಆದೇಶ ರದ್ದು, ಅದಾಗದಿದ್ದರೆ ಶಿಕ್ಷೆ ಇಳಿಸಿ ಅನ್ನೋದು ಎರಡನೇ ಬೇಡಿಕೆ. ಎರಡನೆಯದನ್ನು ಬರೆಯೋದಕ್ಕೆ ನಾಚಿಕೆ ಪಡ್ತಾರೆ, ತಪ್ಪು ಒಪ್ಪಿದ ಹಾಗೆ ಆಗುತ್ತೆ ಅಂತ. ಆಗಲ್ಲ.

ಕರಿಕೋಟು:
ಇದಕ್ಕೆ ಇನ್ನೊಂದು ಸೇರಿಸಿ. ವಜಾ ಆದ ಮೇಲೆ ಬೇರೆ ಎಲ್ಲೂ ಸಂಬಳದ ಕೆಲಸ ಮಾಡಿಲ್ಲ ಅಂತ ಪ್ರಮಾಣ ಪತ್ರದಲ್ಲಿ ಮೊದಲೇ ಬರೆಯಲಿ, ಅದು ನಿಜ ಆಗಿದ್ದರೆ. ವಜಾ ತಪ್ಪು ಅಂತ ಆದಾಗ ಹಿಂಬಾಕಿ ವೇತನ ಕೇಳಲು 2013ರ ದೀಪಾಲಿ ಸುರ್ವಾಸೆ ತೀರ್ಪಿನ ಪ್ರಕಾರ ಅದು ಬೇಕು.

ಕೆರೆಯಂಗಳ:
ಭಾವ ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಅದನ್ನು ಮುಚ್ಚಿಡಬೇಕಾ?

ಕರಿಕೋಟು:
ಬೇಡವೇ ಬೇಡ. ಎಷ್ಟು ಬರುತ್ತೋ ಅಷ್ಟನ್ನೂ ಬರೀಲಿ. ಸುಳ್ಳು ಪ್ರಮಾಣ ಪತ್ರ ಹಾಕಿ ಸಿಕ್ಕಿಬಿದ್ದರೆ ಖುಲಾಸೆ ತೀರ್ಪಿನ ಬಲವೂ ಹೋಗುತ್ತೆ. ಸಿಗೋ ಹಿಂಬಾಕಿಯಲ್ಲಿ ಒಂದಿಷ್ಟು ಕಡಿಮೆ ಆದೀತು, ಆಗಲಿ.

ಕೆರೆಯಂಗಳ:
ಸರಿ ಸರ್. ನೆರಳು ಸಾಕ್ಷಿ ಹೇಳಿಕೆಯ ನಕಲಿಗೆ ಅರ್ಜಿ ಹಾಕ್ತೀವಿ. ದೋಷಾರೋಪಣಾ ಪಟ್ಟಿ ಅಕ್ಕನ ಹತ್ತಿರ ಇದೆ, ಅದರಲ್ಲಿ ಎರಡನೇ ಆರೋಪ ಏನಾದರೂ ಇದೆಯಾ ಅಂತ ನೋಡಿ ಇಲ್ಲೇ ಹಾಕ್ತೀನಿ.

ಹಳೇಫೈಲು:
ಹಾಕುವಾಗ ಹೆಸರು, ಕಚೇರಿ, ಪ್ರಕರಣ ಸಂಖ್ಯೆ ಎಲ್ಲ ಅಳಿಸಿ ಹಾಕಿ. ಆರೋಪದ ಒಕ್ಕಣೆ ಅಷ್ಟೇ ಸಾಕು ನನಗೆ.